ಹಿಂದಕ್ಕೆ ಪಡೆದ ಮಾತು

ಶವವಾಹನದಿಂದ ಇಳಿಸಿದ ಚಟ್ಟವನ್ನು ಮೂವರು ಎತ್ತಿದಾಗ ಹಿಂದಿನ ಎಡಮೂಲೆ ವಾಲಿತು. ವೈಕುಂಠ ಸ್ಮಶಾನದ ಗೇಟಿನ ಬಳಿ ದೂರ ನಿಂತಿದ್ದ ಪ್ರಣವ ಓಡಿಬಂದು ಹೆಗಲು ಕೊಟ್ಟ. ವರ್ಷಗಟ್ಟಲೆ ಅವನು ಪ್ರೊಫೆಸರ್ ಇಂದೂ ಹಂಪಿಹೊಳಿಯವರ ಜೊತೆ ಮಾತಾಡಿರಲಿಲ್ಲ. ಈಗ ಅವರ ಭಾರ ಹೆಗಲ ಮೇಲಿತ್ತು, ಅಂದುಕೊಂಡದ್ದಕ್ಕಿಂತ ಹಗುರ.

ವಿದ್ಯುತ್ ಚಿತೆಗೆ ಸರದಿ ಕಾಯಬೇಕಿತ್ತು. ಇಂದೂ ಅವರ ತಮ್ಮ ಬಾಳು ಧಾರವಾಡದಿಂದ ಈ ಮರಾಠಿ ನಗರಕ್ಕೆ ಬೆಳಿಗ್ಗೆಯಷ್ಟೇ ಬಂದಿದ್ದರು. ಅಕ್ಕ ಮದುವೆಯಾಗಿರಲಿಲ್ಲ. ಅಡುಗೆಮನೆಯಲ್ಲಿ ಕುಸಿದವಳನ್ನು ಪಕ್ಕದ ಮನೆಯ ಹರ್ಷದಾ ನೋಡಿದ್ದು ಮಾರನೆಯ ದಿನ. ಹಳೇ ಪತ್ರಿಕೆಯ ಫೋಟೋದಿಂದ ಪ್ರಣವನ ಗುರುತು ಹಿಡಿದ ಬಾಳು ಅವನನ್ನು ಕಲ್ಲುಬೆಂಚಿನ ಮೇಲೆ ಕೂರಿಸಿಕೊಂಡರು. ಊರಿನ ಪೇಪರಿಗೆ ನಾಲ್ಕು ಸಾಲು ಕೊಡಬೇಕು, ಅಕ್ಕ ಏನು ಕಂಡುಹಿಡಿದಳೆಂದು ಬರೆಯಲಿ ಎಂದು ಕೇಳಿದರು. ಪ್ರಣವ ಸರದಿ ಎಲ್ಲಿಗೆ ಬಂತೆಂದು ಬಾಗಿಲ ಕಡೆ ನೋಡಿದ.

*

ವಿಶ್ವ ಹುಟ್ಟಿದ ಹೊಸದರಲ್ಲಿ ಹೊಮ್ಮಿದ ಬೆಳಕು ಇನ್ನೂ ಪೂರ್ತಿ ಆರಿಲ್ಲ. ತಣ್ಣಗಾಗಿ, ಕಣ್ಣಿಗೆ ಕಾಣದ ಸೂಕ್ಷ್ಮತರಂಗವಾಗಿ ಆಕಾಶದ ತುಂಬ ಉಳಿದಿದೆ. ಇಂದೂ ಜೀವಮಾನವಿಡೀ ಅದನ್ನೇ ಅಭ್ಯಾಸ ಮಾಡಿದರು. ಅದರಲ್ಲಿ ಮೊಟ್ಟಮೊದಲ ಕ್ಷಣದ ಗುರುತೊಂದು ಸಿಕ್ಕಿತೆಂದು ಅವರೂ ಅವರ ವಿದ್ಯಾರ್ಥಿ ಪ್ರಣವನೂ ಪ್ರಬಂಧ ಬರೆದಾಗ ಇಬ್ಬರ ಫೋಟೋ ಪತ್ರಿಕೆಗಳಲ್ಲಿ ಬಂತು.

ಆದರೆ ನಕ್ಷತ್ರಗಳ ನಡುವಿನ ಧೂಳೂ ಅಂಥದೇ ಗುರುತು ಮೂಡಿಸುತ್ತದೆ. ಕೆಲವೇ ತಿಂಗಳಲ್ಲಿ ಆ ಧೂಳಿನ ಹೊಸ ನಕಾಶೆ ಬಂತು. ಧೂಳಿನ ಪಾಲು ತೆಗೆದು ಮತ್ತೆ ಲೆಕ್ಕ ಹಾಕಿದರೆ ಏನೂ ಉಳಿಯಲಿಲ್ಲ.

ಪ್ರಣವನಿಗೆ ಆ ಪ್ರಬಂಧದ ಬಲದ ಮೇಲೆ ಸಂಸ್ಥೆಯೊಂದರಲ್ಲಿ ಕೆಲಸ ಬಹುತೇಕ ಗಟ್ಟಿಯಾಗಿತ್ತು. ಇಂದೂ ಪ್ರಬಂಧ ಹಿಂದಕ್ಕೆ ಪಡೆಯೋಣ ಎಂದರು.

"ಆರ್ಡರ್ ಕೈಗೆ ಬರೋತನಕ ತಡೀರಿ ಮೇಡಂ. ಒಂದ ತಿಂಗಳು."

"ಗೊತ್ತಾದ ಮ್ಯಾಲೆ ಹ್ಯಾಂಗ ತಡೀಲಿ, ಪ್ರಣವ?"

ದನಿಯಲ್ಲಿ ಸಿಟ್ಟಿರಲಿಲ್ಲ. ಮರುದಿನವೇ ಪ್ರಬಂಧ ಹಿಂದಕ್ಕೆ ಪಡೆದರು. ಕೆಲಸ ತಪ್ಪಿತು. ಪ್ರಣವ ವಿಮಾನ ನಗರದ ಕಂಪನಿಯೊಂದರಲ್ಲಿ ಪಾರ್ಸಲ್ ಗಾಡಿಗಳ ದಾರಿ ಲೆಕ್ಕ ಹಾಕತೊಡಗಿದ. ಇಂದೂ ಅವರ ಹತ್ತಿರ ಆಮೇಲೆ ಹೊಸ ವಿದ್ಯಾರ್ಥಿಗಳು ಬರಲಿಲ್ಲ. ಸಮ್ಮೇಳನಗಳಿಗೆ ಕರೆಯುವವರೂ ಇಲ್ಲವಾದರು. ಇಂದೂ ಫೋನ್ ಮಾಡಿದಾಗಲೆಲ್ಲ ಪ್ರಣವ ಕಟ್ ಮಾಡುತ್ತಿದ್ದ. ಹೋದ ವಾರ ಬಂದ ಕರೆಯನ್ನೂ.

*

"ಏನ್ ಬರೀಲಿ, ಹೇಳ್ರಿ," ಎಂದರು ಬಾಳು ಮತ್ತೆ.

"ಸಿಗಲಿಲ್ಲ ಅಂತ ಬರೀರಿ," ಎಂದ ಪ್ರಣವ. "ಸಿಕ್ತು ಅಂತ ಎಲ್ಲಾರೂ ಕುಣಿಯೋವಾಗ, ಸಿಕ್ಕಿಲ್ಲ ಅಂತ ಹೇಳಿದವರು ಅವರೊಬ್ಬರ. ನಾನೂ ಈಗ ಹೇಳಬ್ಯಾಡ್ರಿ ಅಂದಿದ್ದೆ."

ಫೋಟೋ ಬಂದಾಗ ಓಣಿಗೆಲ್ಲ ಪೇಡೆ ಹಂಚಿದ್ದು, ಆಮೇಲೆ ಕೇಳಿದವರಿಗೆ ಮುಖ ತಪ್ಪಿಸಿ ಓಡಾಡಿದ್ದು, ಮಗಳ ಮದುವೆಗೂ ಅಕ್ಕನನ್ನು ಬಾಯಿತುಂಬ ಕರೆಯದೇ ಹೋದದ್ದು, ಎಲ್ಲವನ್ನೂ ಬಾಳು ತಗ್ಗಿದ ದನಿಯಲ್ಲಿ ಹೇಳಿಕೊಂಡರು.

ಚಿತಾಗಾರದ ಒಳಗಿನ ಕೆಲಸದವನು ಮರಾಠಿಯಲ್ಲಿ ಹೆಸರು ಕೂಗಿದ. ಚಿತೆ ಹೊತ್ತಿಸುವ ಗುಂಡಿ ಒತ್ತಲು ಬಾಳುವಿನ ಕೈ ಏಳಲಿಲ್ಲ. ಪ್ರಣವ ಒತ್ತಿದ.

ಇಂದೂ ಅವರ ಮನೆಗೆ ಮರಳಿದಾಗ ಹರ್ಷದಾ ನೆಲ ತೊಳೆದು, ಹೆಣ ಮಲಗಿಸಿದ್ದ ಜಾಗದಲ್ಲಿ ದೀಪ ಹಚ್ಚಿಟ್ಟು ಹೋಗಿದ್ದಳು. ಮೇ ತಿಂಗಳ ಧಗೆ. ಬಾಳು ಫ್ಯಾನ್ ಹಾಕಿದರು. ದೀಪದ ಕುಡಿ ಒರಗಿ ನಂದುವಂತಾಯಿತು. ಪ್ರಣವ ಎದ್ದು ಫ್ಯಾನ್ ಆರಿಸಿದ. ಇಬ್ಬರೂ ಗೋಡೆಗೊರಗಿ ಕೂತರು. ಬೆವರು ಕತ್ತಿನಿಂದ ಅಂಗಿಯೊಳಗೆ ಇಳಿಯುತ್ತಿತ್ತು. ಯಾರೂ ಕಿಟಕಿ ತೆರೆಯಲಿಲ್ಲ.