ದೊಡ್ಡಮ್ಮನ ಪಕ್ಕದ ಚಿಕ್ಕಮ್ಮ

ಚಿಕ್ಕಮ್ಮ ಬರಲಿಲ್ಲ. ಗಾಜಿನ ಪಟ್ಟಿಯನ್ನು ತೆಗೆದು, ತಿರುಗಿಸಿ ನೋಡಿ, ಮತ್ತೆ ಇಟ್ಟು ಲೇಸರ್ ಬಿಟ್ಟರೂ ಬರಲಿಲ್ಲ. ಪರದೆಯ ಮೇಲೆ ದೊಡ್ಡಮ್ಮ ಎಂದಿನಂತೆ ಠೀವಿಯಿಂದ ನಿಂತಿದ್ದಳು. ಪಕ್ಕದ ಜಾಗ ಮಾತ್ರ ಬೋಳು. ಪುಟ್ಟಿ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು, ಕೂತಳು, ಮತ್ತೆ ಎದ್ದಳು.

ನಲವತ್ತು ದಾಟಿದ ವಿಜ್ಞಾನಿಗೆ ಪುಟ್ಟಿ ಎಂಬ ಹೆಸರು ಅಂಟಿದ್ದು ಅಕ್ಕನಿಂದ. ಆದರೆ ಪರದೆಯ ಮೇಲಿನ ಇಬ್ಬರಿಗೆ ಹೆಸರಿಟ್ಟವರು ಪ್ರಯೋಗಾಲಯದ ಹಿರಿಯರಾದ ಮೇಷ್ಟ್ರು. ದೇಹದಿಂದ ತೆಗೆದ ಚೂರಿನ ಮೇಲೆ ಲೇಸರ್ ಬಿಟ್ಟರೆ ಬೆಳಕು ಚದುರಿ ವಾಪಸು ಬರುತ್ತದೆ. ಯಂತ್ರ ಆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ, ಏರಿಳಿತದ ಒಂದು ಗೆರೆ ಎಳೆಯುತ್ತದೆ. ಯಾವ ಚೂರಿಟ್ಟರೂ ಕಾಣುವ ಎತ್ತರದ ಏರು ದೊಡ್ಡಮ್ಮ. ಅದರ ಮಗ್ಗುಲಲ್ಲಿ, ರೋಗವಿದ್ದ ಚೂರಿನಲ್ಲಿ ಮಾತ್ರ ಏಳುವ ಸಣ್ಣ ಮೊನೆ ಚಿಕ್ಕಮ್ಮ. ಚಿಕ್ಕಮ್ಮ ಇದ್ದ ಕಡೆ ಯಂತ್ರ ಚಿತ್ರಕ್ಕೆ ಕೆಂಪು ಬಳಿಯುತ್ತದೆ, ಇಲ್ಲದ ಕಡೆ ಹಸಿರು. ಅವಳನ್ನು ಮೊದಲು ಗುರುತಿಸಿದ್ದು ಪುಟ್ಟಿಯೇ. ಅಂದಿನಿಂದ ಬಾಗಿಲಲ್ಲಿ ಇಣುಕಿದವರೆಲ್ಲ ಕೇಳುವುದು ಒಂದೇ ಮಾತು, "ಚಿಕ್ಕಮ್ಮ ಬಂದ್ಳಾ?"

ಈಗ ಮುಂದಿದ್ದ ಚೂರು ರೋಗದ್ದೇ. ಆಸ್ಪತ್ರೆಯವರು ಸೂಕ್ಷ್ಮದರ್ಶಕದಲ್ಲಿ ನೋಡಿ, ಅನುಮಾನವೇ ಇಲ್ಲವೆಂದು ಬರೆದು ಕಳಿಸಿದ್ದರು. ಯಂತ್ರ ಮಾತ್ರ ಎಳೆ ಹುಲ್ಲಿನ ಹಾಸಿನಂತೆ ಇಡೀ ಚಿತ್ರವನ್ನು ಹಸಿರು ಮಾಡಿ ಕೂತಿತ್ತು.

ಒಂದು ಚೂರು ಕೈಕೊಟ್ಟರೆ ಯಾವ ವಿಜ್ಞಾನಿಯೂ ನಿದ್ದೆಗೆಡುವುದಿಲ್ಲ. ಪುಟ್ಟಿಯ ಸಂಕಟವೇ ಬೇರೆ. ಹೋದ ವಾರ ಇದೇ ಯಂತ್ರದ ಕೆಳಗೆ ಅಕ್ಕನ ಎದೆಯ ಗಂಟಿನಿಂದ ತೆಗೆದ ಚೂರು ಇತ್ತು. ಆಸ್ಪತ್ರೆಯವರು "ಇದರಲ್ಲಿ ಏನೂ ಸ್ಪಷ್ಟವಾಗಿಲ್ಲ, ಇನ್ನೊಮ್ಮೆ ಸೂಜಿ ಹಾಕಿ ತೆಗೀಬೇಕು" ಅಂದಿದ್ದರು. ಅಕ್ಕನಿಗೆ ಸೂಜಿಯೆಂದರೆ ಜೀವ ಹೋಗುತ್ತದೆ. ಉಳಿದಿದ್ದ ಚೂರನ್ನು ಪುಟ್ಟಿ ಕೇಳಿ ತಂದು ನೋಡಿ, ಅಂದೇ ಫೋನ್ ಮಾಡಿದ್ದಳು.

"ಚಿಕ್ಕಮ್ಮ ಬಂದಿಲ್ಲಕ್ಕಾ. ಹೊಸ ದೀಪ ಹಾಕಿಸ್ಕೊಂಡು, ಕಣ್ಣಲ್ಲಿ ಕಣ್ಣಿಟ್ಟು ನೋಡಿದೀನಿ."

"ಸದ್ಯ. ನನ್ನ ಮಗಳಿಗೆ ನೀನೊಬ್ಬಳು ಚಿಕ್ಕಮ್ಮ ಇದೀಯಲ್ಲ, ಸಾಕು ಈ ಮನೆಗೆ," ಎಂದು ಅಕ್ಕ ನಕ್ಕಿದ್ದಳು. ಆಮೇಲೆ ಎರಡನೆಯ ಸೂಜಿಗೆ ಹೋಗಲೇ ಇಲ್ಲ. ಆಸ್ಪತ್ರೆಯಿಂದ ಕರೆ ಬಂದಾಗ, "ನನ್ನ ತಂಗಿ ನೋಡಿದಾಳೆ, ಬೇಕಾಗಿಲ್ಲ" ಅಂದಳಂತೆ.

ಪುಟ್ಟಿ ಬಾಲ ಸುಟ್ಟ ಬೆಕ್ಕಿನಂತೆ ಹೊರಗಿನ ಕಾರಿಡಾರಿನಲ್ಲಿ ಆ ತುದಿಯಿಂದ ಈ ತುದಿಗೆ ತಿರುಗಿದಳು. ಲೇಸರ್ ಮಂಕಾಗಿದೆಯೇ? ಯಂತ್ರದೊಳಗಿನ ಕನ್ನಡಿ ಸರಿದಿದೆಯೇ? ಒಳಗೆ ಬಂದು ಚೂರನ್ನು ತೆಗೆದಿಟ್ಟು, ಬರೀ ಗಾಜನ್ನು ಇಟ್ಟಳು. ಮೊದಲು ಯಂತ್ರದ ಆರೋಗ್ಯ ನೋಡೋಣವೆಂಬುದು ಲೆಕ್ಕ. ಗಡಿಬಿಡಿಯಲ್ಲಿ ಬಾಗಿಲು ಹಾಕುವುದು ಮರೆತಿತ್ತು. ಕಾರಿಡಾರಿನ ಟ್ಯೂಬ್‌ಲೈಟಿನ ಬೆಳಕು ಓರೆಯಾಗಿ ಮೇಜಿನ ಮೇಲೆ ಬಿದ್ದಿತ್ತು.

ಪರದೆಯ ಮೇಲೆ ದೊಡ್ಡಮ್ಮ ಇರಲಿಲ್ಲ, ಇರುವುದಕ್ಕೆ ಚೂರೇ ಇಲ್ಲವಲ್ಲ. ಆದರೆ ಚಿಕ್ಕಮ್ಮ ಇದ್ದಳು. ಖಾಲಿ ಗಾಜಿನ ಮೇಲೆ, ಒಬ್ಬಳೇ, ನೆಟ್ಟಗೆ.

ಪುಟ್ಟಿ ತೆರೆದಿದ್ದ ಬಾಗಿಲ ಕಡೆ ನೋಡಿದಳು. ಎದ್ದು ಬಾಗಿಲು ಹಾಕಿದಳು; ಚಿಕ್ಕಮ್ಮ ಮಾಯ. ತೆರೆದಳು, ಬಂದಳು. ಮತ್ತೆ ಹಾಕಿದಳು, ಮತ್ತೆ ತೆರೆದಳು. ಸದ್ದು ಕೇಳಿ ಮೇಷ್ಟ್ರು ಕನ್ನಡಕ ಹಣೆಗೇರಿಸಿಕೊಂಡು ಬಂದರು.

"ಏನಮ್ಮ, ಬಾಗಿಲ ಜೊತೆ ಜಗಳ? ಚಿಕ್ಕಮ್ಮ ಬಂದ್ಳಾ?"

"ನೀವೇ ನೋಡಿ ಮೇಷ್ಟ್ರೇ. ಗಾಜಿನ ಮೇಲೆ ಏನೂ ಇಲ್ಲ."

ಮೇಷ್ಟ್ರು ನೋಡಿದರು. ತಾವೇ ಹೋಗಿ ಬಾಗಿಲು ಹಾಕಿ ತೆರೆದು ಮಾಡಿದರು. ಆಮೇಲೆ ನಿಧಾನವಾಗಿ ತಲೆಯೆತ್ತಿ ಮೇಜಿನ ಮೇಲಿನ ದೀಪ ನೋಡಿದರು. ಕಣ್ಣು ಉರಿಯುತ್ತದೆಂದು ಪುಟ್ಟಿ ಹೋದ ವಾರ ಅಲ್ಲಿದ್ದ ಹಳೆಯ ಟ್ಯೂಬ್‌ಲೈಟ್ ತೆಗೆಸಿ ಎಲ್‌ಇಡಿ ಹಾಕಿಸಿದ್ದಳು. ಅದರ ಕೆಳಗೆ ನೋಡಿದ ಮೊದಲ ಚೂರು ಅಕ್ಕನದು.

ಇಬ್ಬರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಚಿಕ್ಕಮ್ಮನನ್ನು ಗುರುತಿಸಿದ ದಿನಗಳಲ್ಲಿ, ಹೋಲಿಸಿ ನೋಡಲು ತರಿಸಿದ ಆರೋಗ್ಯವಂತರ ಚೂರುಗಳೆಲ್ಲ ಒಟ್ಟಿಗೆ ಬಂದಿದ್ದವು. ದೀಪ ಆರಿಸಿ, ಬಾಗಿಲು ಹಾಕಿ ಒಂದೇ ಸಮನೆ ನೋಡಿ ಮುಗಿಸಿದ್ದರು. ರೋಗದ ಚೂರುಗಳು ಶಸ್ತ್ರಚಿಕಿತ್ಸೆಯಾದಂತೆ ಒಂದೊಂದಾಗಿ ಬರುತ್ತಿದ್ದವು. ಅವುಗಳ ಚೀಟಿಯ ಮೇಲೆ ಸರ್ಜನ್ನರ ಕಾಗೆಕಾಲು ಗುಬ್ಬಿಕಾಲಿನ ಅಕ್ಷರ. ಅದನ್ನು ಓದಲು ಟ್ಯೂಬ್‌ಲೈಟ್ ಹಾಕಬೇಕು, ಹಾಕಿದ್ದನ್ನು ಆರಿಸುವ ನೆನಪು ಯಾರಿಗೂ ಇಲ್ಲ. ಎಲ್‌ಇಡಿಯಲ್ಲಿ ಇಲ್ಲದ, ಟ್ಯೂಬ್‌ಲೈಟಿನಲ್ಲಿ ಮಾತ್ರ ಇರುವ ಒಂದು ಬಣ್ಣ ಯಂತ್ರದೊಳಗೆ ನುಸುಳಿ ದೊಡ್ಡಮ್ಮನ ಪಕ್ಕದಲ್ಲಿ ನಿಂತಿತ್ತು. ರೋಗ ಹುಡುಕಲು ಹೋಗಿ ಇವರು ಟ್ಯೂಬ್‌ಲೈಟ್ ಕಂಡುಹಿಡಿದಿದ್ದರು.

"ದೀಪದ ಬುಡದಲ್ಲಿ ಕತ್ತಲೆ ಅಂತಾರಲ್ಲ, ನಮಗೆ ದೀಪವೇ ಕತ್ತಲೆ ಆಯ್ತು," ಎಂದರು ಮೇಷ್ಟ್ರು. ನಗಲು ನೋಡಿದರು, ಆಗಲಿಲ್ಲ. "ಇವತ್ತು ಯಾರಿಗೂ ಹೇಳೋದು ಬೇಡ. ಹಳೇದೆಲ್ಲ ಇನ್ನೊಂದ್ಸಲ ನೋಡಿ, ನಿಧಾನಕ್ಕೆ ಸರ್ಜನ್ನರಿಗೆ ಹೇಳೋಣ."

"ಅಕ್ಕನಿಗೂ ನಿಧಾನಕ್ಕೆ ಹೇಳ್ಲಾ ಮೇಷ್ಟ್ರೇ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಅಕ್ಕನ ಚೂರಿನ ವಿಷಯ ಅವರಿಗೂ ಗೊತ್ತಿತ್ತು. "ಹೋಗಮ್ಮ," ಎಂದರು. "ಸರ್ಜನ್ನರಿಗೆ ಈಗಲೇ ನಾನು ಫೋನ್ ಮಾಡ್ತೀನಿ."

ಬಸ್ ನಿಲ್ದಾಣದಲ್ಲಿ ಪುಟ್ಟಿ ಅಕ್ಕನಿಗೆ ಫೋನ್ ಮಾಡಿದಳು. ಹೇಳಬೇಕಾದ್ದು ಎರಡೇ ಮಾತು: ನಾನು ನೋಡಿದ್ದು ಸುಳ್ಳು, ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಹೋಗೋಣ.

"ಏನೇ, ಇಷ್ಟು ಬೇಗ ಬಿಟ್ರಾ ನಿಮ್ಮನ್ನ?" ಎಂದಳು ಅಕ್ಕ. "ಗೊತ್ತಾ, ಒಂದು ವಾರದಿಂದ ಕಣ್ತುಂಬ ನಿದ್ದೆ ಮಾಡ್ತಿದೀನಿ. ಕನ್ನಡಿ ಮುಂದೆ ನಿಂತು ಮುಟ್ಟಿ ಮುಟ್ಟಿ ನೋಡೋದೂ ಬಿಟ್ಟಿದೀನಿ."

"ಮನೇಲಿರ್ತೀಯಾ? ಬರ್ತೀನಿ," ಎಂದಷ್ಟೇ ಹೇಳಿ ಪುಟ್ಟಿ ಫೋನಿಟ್ಟಳು. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಕೂರಲಾಗದೆ ದಾರಿಯುದ್ದಕ್ಕೂ ನಿಂತೇ ಹೋದಳು. ಅಕ್ಕನಿಗೆ ಏನೂ ಇಲ್ಲದೆಯೂ ಇರಬಹುದು. ಇರಬಹುದು, ಇಲ್ಲದಿರಬಹುದು. ಗೊತ್ತಿಲ್ಲ ಎಂಬುದೊಂದೇ ಈಗ ಗೊತ್ತಿದ್ದ ಸಂಗತಿ. ಒಂದು ವಾರದ ಹಿಂದೆ ಅಷ್ಟನ್ನೇ ಹೇಳಿದ್ದರೆ ಸಾಕಿತ್ತು. ತನ್ನ ಮೇಲೆ ತನಗೇ ಬಂದ ಸಿಟ್ಟಿಗೆ ಬಿಗಿಯಾಗಿ ಕಂಬಿ ಹಿಡಿದ ಕೈ ನೋಯುತ್ತಿತ್ತು.

ಬಾಗಿಲು ತೆರೆದವಳು ಅಕ್ಕನ ಮಗಳು. ಕೈಯಲ್ಲಿದ್ದ ಮೊಬೈಲಿನಿಂದ ಕಣ್ಣು ತೆಗೆಯದೆಯೇ ಒಳಗೆ ತಿರುಗಿ ಕೂಗಿದಳು.

"ಅಮ್ಮಾ, ಚಿಕ್ಕಮ್ಮ ಬಂದ್ಳು."

ಅಡುಗೆಮನೆಯಿಂದ ಅಕ್ಕನ ನಗು ಕೇಳಿಸಿತು. "ಯಾವ ಚಿಕ್ಕಮ್ಮನೇ?" ಎನ್ನುತ್ತ, ಒದ್ದೆ ಕೈಯನ್ನು ಟವೆಲ್ಲಿಗೆ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಬಾಗಿಲಲ್ಲೇ ನಿಂತಿದ್ದ ತಂಗಿಯ ಮುಖ ನೋಡಿದಳು. ಇನ್ನೊಮ್ಮೆ ನೋಡಿದಳು. ನಗು ನಿಂತಿತು. ಕೈ ಒಣಗಿದ್ದರೂ, ಒಂದೊಂದೇ ಬೆರಳನ್ನು ಟವೆಲ್ಲಿನಲ್ಲಿ ಸುತ್ತಿ ಒರೆಸುತ್ತಲೇ ಇದ್ದಳು.