ಕೈನೋವಿನ ಮಷೀನ್ ಎನಿಸಿಕೊಂಡ ಉಗುರು ದೀಪ

ನಾನು ಉಗುರಿನ ಬಣ್ಣ ಗಟ್ಟಿ ಮಾಡುವ ಒಂದು ದೀಪ. ದೀಪ ಎಂದರೆ ದೇವರ ಮುಂದೆ ಹಚ್ಚುವಂಥದ್ದಲ್ಲ. ಆ ಗೌರವವನ್ನು ನನಗೆ ಯಾರೂ ಕೊಟ್ಟಿಲ್ಲ, ನಾನು ಕೇಳಿಯೂ ಇಲ್ಲ. ಬಿಳಿ ಪ್ಲಾಸ್ಟಿಕ್ಕಿನ ಮೈ, ಒಂದು ಕೈ ಒಳಗೆ ಹೋಗುವಷ್ಟು ಬಾಯಿ, ಬಾಯೊಳಗೆ ಮೇಲ್ಗಡೆ ಸಾಲಾಗಿ ಕೂರಿಸಿದ ಪುಟ್ಟ ಬಲ್ಬುಗಳು. ಗುಂಡಿ ಒತ್ತಿದರೆ ನೇರಳೆ ಬೆಳಕು ಬರುತ್ತದೆ. ಜೆಲ್ ಎಂಬ ಬಣ್ಣವೊಂದಿದೆ. ಉಗುರಿಗೆ ಹಚ್ಚಿ ಗಾಳಿಗೆ ಹಿಡಿದರೂ ಅದು ಒಣಗುವುದಿಲ್ಲ, ಬಾಯಿಂದ ಊದಿದರೂ ಒಣಗುವುದಿಲ್ಲ. ನನ್ನ ಬೆಳಕಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಮಾತ್ರ ಗಟ್ಟಿಯಾಗುತ್ತದೆ. ನಾನು ಹುಟ್ಟಿದ್ದು ಇಷ್ಟಕ್ಕೇ.

ಹುಟ್ಟಿದ ಕಾರ್ಖಾನೆ ಯಾವ ದೇಶದ್ದೋ ನನಗೆ ಗೊತ್ತಿಲ್ಲ. ಅಲ್ಲಿ ನಾನೂ ನನ್ನಂಥವರೂ ಸಾಲುಸಾಲಾಗಿ ಓಡುವ ಪಟ್ಟಿಯ ಮೇಲೆ ಸಾಗುತ್ತಿದ್ದೆವು. ಒಬ್ಬಳು ಹುಡುಗಿ ಪ್ರತಿಯೊಂದರ ಬಾಯಿಗೂ ತನ್ನ ಕೈ ಹಾಕಿ, ಬೆಳಕು ಬಂತೋ ಇಲ್ಲವೋ ನೋಡಿ ಪೆಟ್ಟಿಗೆಗೆ ತುಂಬುತ್ತಿದ್ದಳು. ಆಕೆಯ ಉಗುರಿಗೆ ಬಣ್ಣವಿರಲಿಲ್ಲ. ಆಮೇಲೆ ಬಹಳ ದಿನ ಕತ್ತಲು. ಕಣ್ಣು ಬಿಟ್ಟಾಗ ಹುಬ್ಬಳ್ಳಿಯಲ್ಲಿದ್ದೆ, ಫರ್ಜಾನಾ ಮೇಡಂ ಅವರ ಬ್ಯೂಟಿ ಪಾರ್ಲರಿನಲ್ಲಿ.

ಫರ್ಜಾನಾ ಮೇಡಂ ಗಟ್ಟಿಗಿತ್ತಿ. ಗಿರಾಕಿ ಕೂತ ಕೂಡಲೇ ಕೈಯನ್ನು ತನ್ನತ್ತ ಎಳೆದುಕೊಂಡು, ಅದು ತನ್ನದೇ ಎಂಬಂತೆ ಕೆಲಸ ಶುರು ಮಾಡುತ್ತಿದ್ದರು. ಅಲ್ಲಿಗೆ ಕೆಲಸ ಕಲಿಯಲು ಬಂದವಳು ಶೈಲಜಾ. ತೆಳ್ಳಗಿನ ಹೆಂಗಸು, ಮದುವೆಯಾಗಿ ಹಳೇ ಹುಬ್ಬಳ್ಳಿಯ ಒಂದು ಓಣಿಗೆ ಬಂದವಳು. ಗಂಡ ಮಹಾಂತೇಶನಿಗೆ ಔಷಧಿ ಅಂಗಡಿಯಲ್ಲಿ ಕೆಲಸ. ಶೈಲಜಾಳ ಕಣ್ಣು ಚುರುಕಾಗಿತ್ತು, ಬಣ್ಣದ ಹದ ಗೊತ್ತಿತ್ತು, ಕುಂಚ ನಡುಗದೆ ಸಾಗುತ್ತಿತ್ತು. ಆದರೆ ಗಿರಾಕಿಯ ಕೈ ಹಿಡಿಯುವಾಗ ಮಾತ್ರ ಕದ್ದ ವಸ್ತುವನ್ನು ಮುಟ್ಟುವವಳ ಹಾಗೆ ಮುಟ್ಟುತ್ತಿದ್ದಳು.

"ಶೈಲಾ, ಗಟ್ಟಿ ಹಿಡಿ. ನೀನು ಹಿಂಗ ಹೆದರಿದ್ರ ಅವರ ಕೈನೂ ಹೆದರತಾವು," ಎಂದು ಮೇಡಂ ಗದರುತ್ತಿದ್ದರು. ಶೈಲಜಾ ನಕ್ಕು ತಲೆ ತಗ್ಗಿಸುತ್ತಿದ್ದಳು. ಕಲಿಯುವ ಹುಡುಗಿ, ಸರಿಹೋಗುತ್ತಾಳೆ ಎಂದು ನಾನೂ ಅಂದುಕೊಂಡಿದ್ದೆ.

ಮೇಡಂ ಮಗಳ ಮನೆಗೆಂದು ಬೆಳಗಾವಿಗೆ ಹೊರಟಾಗ ಪಾರ್ಲರ್ ಮುಚ್ಚಿದರು. ಹೋಗುವ ಮುನ್ನ ನನ್ನನ್ನು ಒರೆಸಿ, ಉಗುರು ತಿಕ್ಕುವ ಅರಗಳನ್ನೂ ಬಣ್ಣದ ಶೀಶೆಗಳನ್ನೂ ಒಂದು ಚೀಲಕ್ಕೆ ಹಾಕಿ ಶೈಲಜಾಳ ಕೈಗಿಟ್ಟರು. "ಮನ್ಯಾಗ ಶುರು ಮಾಡು. ನಿನ್ನ ಕೈ ಚಲೋ ಐತಿ," ಅಂದರು. ಶೈಲಜಾಳ ಕಣ್ಣು ತುಂಬಿತು. ಚೀಲವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಸಿಟಿ ಬಸ್ಸು ಹತ್ತಿದಳು. ಮುಚ್ಚಿಕೊಳ್ಳುವ ಅಭ್ಯಾಸ ಶುರುವಾದದ್ದು ಅಲ್ಲಿಂದಲೇ.

ಆ ಮನೆಯಲ್ಲಿ ಅತ್ತೆ ನೀಲವ್ವನದೇ ಕಾನೂನು. ಚೀಲ ಬಿಚ್ಚಿದ ದಿನವೇ ಆಕೆ ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ನೋಡಿದಳು. "ಮಾಡ್ತೀಯೇನು, ಮಾಡು. ಮಂಗಳಾರ, ಶುಕ್ರಾರ ಉಗುರು ಮುಟ್ಟಬ್ಯಾಡ. ದೀಪ ಹಚ್ಚೋ ಹೊತ್ತಿಗಿ ಮುಟ್ಟಬ್ಯಾಡ. ಮಂದಿ ಉಗುರು ನಮ್ಮ ಹೊಸ್ತಿಲ ಒಳಗ ಬಿತ್ತಂದ್ರ ನಾ ಸುಮ್ಮನಿರಂಗಿಲ್ಲ ನೋಡು," ಅಂದಳು. ಉಗುರು ಬಿದ್ದ ಮನೆಯಲ್ಲಿ ಜಗಳ ಏಳುತ್ತದೆ ಎಂಬುದು ಆಕೆಯ ನಂಬಿಕೆ. ಶೈಲಜಾ ಒಪ್ಪಿ, ಹಳೇ ಪೇಪರ್ ಹಾಸಿ, ಅರದ ಪುಡಿಯನ್ನೆಲ್ಲ ಮಡಚಿ ಓಣಿಯ ಕಸದ ಗಾಡಿಗೆ ಹಾಕತೊಡಗಿದಳು. ಗಿರಾಕಿಯೊಬ್ಬಳು ಶುಕ್ರವಾರ ಬರುತ್ತೇನೆಂದರೆ ನಿಜ ಹೇಳಲು ನಾಚಿ, "ಲ್ಯಾಂಪ್ ಕೆಟ್ಟೈತ್ರಿ, ಶನಿವಾರ ಬರ್ರಿ," ಎನ್ನುತ್ತಿದ್ದಳು. ವಾರಕ್ಕೆರಡು ಸಲ ನಾನು ಕೆಡುತ್ತಿದ್ದೆ. ಚೆನ್ನಾಗಿ ಉರಿಯುತ್ತಿದ್ದವನಿಗೆ ಈ ಅಪವಾದ ಬೇಕಿರಲಿಲ್ಲ, ಆದರೂ ನುಂಗಿಕೊಂಡೆ.

ಅತ್ತೆಯನ್ನಾದರೂ ಹೇಗೋ ಸಂಭಾಳಿಸಬಹುದಿತ್ತು. ಶೈಲಜಾಳನ್ನು ಒಳಗೊಳಗೇ ತಿನ್ನುತ್ತಿದ್ದದ್ದು ಬೇರೆ. ಮಹಾಂತೇಶನ ಅಣ್ಣ ಬ್ಯಾಂಕಿನಲ್ಲಿ ಆಫೀಸರ್. ಅವನ ಹೆಂಡತಿ ಸುಶೀಲಾ, ಅಂದರೆ ಶೈಲಜಾಳ ನೆಗೆಣ್ಣಿ, ವಿದ್ಯಾನಗರದ ಸ್ವಂತ ಮನೆಯವಳು. ಆಕೆಯ ಎದುರು ನಿಂತರೆ ಶೈಲಜಾ ತನ್ನ ಸೀರೆಯ ನೆರಿಗೆಯನ್ನು ತಾನೇ ನೋಡಿಕೊಳ್ಳುತ್ತಿದ್ದಳು. ತಾನು ಪರರ ಮನೆಯ ಹೆಂಗಸರ ಕೈ ಹಿಡಿದು ಉಗುರು ತಿಕ್ಕುತ್ತೇನೆಂದು ಆಕೆಗೆ ಗೊತ್ತಾದರೆ ಬಳಗದಲ್ಲಿ ಮುಖ ತೋರಿಸುವುದು ಹೇಗೆ? ಹೀಗಾಗಿ ಬೋರ್ಡ್ ಇಲ್ಲ, ಯಾರಿಗೂ ಹೇಳುವಂತಿಲ್ಲ. ಮಹಾಂತೇಶ ಬೋರ್ಡಿನ ಮಾತೆತ್ತಿದರೆ, "ಇನ್ನೂ ಕೈ ಕುಂತಿಲ್ರಿ, ಆಮ್ಯಾಗ ನೋಡೂಣು," ಎನ್ನುತ್ತಿದ್ದಳು. ಕೈ ಎಂದೋ ಕೂತಿತ್ತು. ಕೂರದೆ ಇದ್ದದ್ದು ಧೈರ್ಯ.

ಒಂದು ದಿನ ಸುಶೀಲಾ ಹೇಳದೆ ಕೇಳದೆ ಬಂದಳು. ನನ್ನ ಮೇಲೆ ಹೊದಿಸಿದ್ದ ಕಸೂತಿ ಬಟ್ಟೆ ಸರಿದಿತ್ತು.

"ಇದೇನ ಶೈಲಾ, ಬ್ರೆಡ್ ಸುಡೋದೇನು?"

ಶೈಲಜಾ ಬೆವರಿದಳು. "ಅಲ್ರಕ್ಕಾ... ಅತ್ತಿ ಕೈ ನೋಯ್ತಾವಲ್ರಿ, ಅದಕ್ಕ. ನೋವಿನ ಮಷೀನು."

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಗಕ್ಕನೆ ನಿಂತಿತು. ನೀಲವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. ಆಕೆಯ ಕೈ ಕಬ್ಬಿಣ. ಆ ಕೈಗೆ ನೋವು ಎಂದವರು ಇಡೀ ಓಣಿಯಲ್ಲಿ ಯಾರೂ ಇರಲಿಲ್ಲ. ಸೊಸೆಯ ಮುಖ ನೋಡಿದಳು, ಸುಶೀಲಾಳ ಮುಖ ನೋಡಿದಳು, ಏನೂ ಅನ್ನದೆ ಒಳಗೆ ಹೋದಳು. ಆಮೇಲೆ ರೊಟ್ಟಿ ಬಡಿದದ್ದು ಮಾತ್ರ ಮೂರು ಮನೆಗೆ ಕೇಳಿಸುವಂತೆ.

ಕಥೆ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಸುಶೀಲಾ, "ನನ್ನ ಬಲಗೈನೂ ಭಾಳ ನೋಯ್ತೈತವಾ," ಎಂದು ಕೈಯನ್ನು ನನ್ನ ಬಾಯಿಗೆ ಇಟ್ಟೇಬಿಟ್ಟಳು. ಶೈಲಜಾ ವಿಧಿಯಿಲ್ಲದೆ ಗುಂಡಿ ಒತ್ತಿದಳು. ಸುಮ್ಮನೆ ಕೂರಲಾಗದೆ ಆಕೆಯ ಮಣಿಕಟ್ಟನ್ನು ಹಿಡಿದು ಮೆಲ್ಲಗೆ ಒತ್ತಿದಳು. ಬಣ್ಣವಿಲ್ಲ, ಕೆಡುವ ಭಯವಿಲ್ಲ, ಹಾಗಾಗಿ ಹಿಡಿತ ಗಟ್ಟಿಯಾಗಿಯೇ ಇತ್ತು. ನಾನೂ ಸ್ವಲ್ಪ ಬೆಚ್ಚಗಾದೆ. ಸುಶೀಲಾ ಕಣ್ಣು ಮುಚ್ಚಿ, "ಹಗುರಾತು ನೋಡು," ಅಂದಳು. ಅಂದಿನಿಂದ ವಾರ ವಾರ ಬರತೊಡಗಿದಳು. ಬಳಗದಲ್ಲೆಲ್ಲ ನನ್ನ ಗುಣಗಾನ ಮಾಡಿದಳು. ನನ್ನ ಜನ್ಮದಲ್ಲಿ ಸಿಕ್ಕಿದ ಹೊಗಳಿಕೆಯೆಲ್ಲ ನಾನು ಮಾಡದ ಕೆಲಸಕ್ಕೆ.

ಶೈಲಜಾ ಆ ದಿನಗಳಲ್ಲಿ ಸೊರಗಿದಳು. ನೋವಿನವರು ಮುಂಬಾಗಿಲಿನಿಂದ ಬರುತ್ತಿದ್ದರು, ಉಗುರಿನವರನ್ನು ಹಿತ್ತಲಿನಿಂದ ಕರೆಸುತ್ತಿದ್ದಳು. "ಸುಳ್ಳಿಗೆ ನನ್ನ ಕೈ ಸಾಕ್ಷಿ ಹಾಕಿದಿಯಲ್ಲವಾ, ನಾಳೆ ದೇವರು ಖರೇನ ನೋಯಿಸಿದ್ರ?" ಎಂದು ನೀಲವ್ವ ಒಮ್ಮೆ ಕೇಳಿದಳು. ಶೈಲಜಾ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದಳು.

ಹಿಂದಿನ ಓಣಿಯ ಅಕ್ಷತಾಳಿಗೆ ಮದುವೆ ನಿಶ್ಚಯವಾಗಿತ್ತು. ಆಕೆ ಪ್ರೈಮರಿ ಶಾಲೆಯ ಟೀಚರ್, ಮೆದು ಮಾತಿನ ಹುಡುಗಿ. ಮಾರನೆಯ ದಿನವೇ ನಿಶ್ಚಿತಾರ್ಥ, ಉಂಗುರ ತೊಡುವ ಕೈ ಚೆಂದ ಕಾಣಬೇಕೆಂದು ಶೈಲಜಾಳ ಬಳಿ ಬಂದಿದ್ದಳು. ಮದುವಣಗಿತ್ತಿಯೊಬ್ಬಳು ನಂಬಿ ಕೈ ಕೊಟ್ಟದ್ದು ಅದೇ ಮೊದಲು. ಇದು ಚೆನ್ನಾಗಿ ಆದರೆ ಹೆಸರು ಬರುತ್ತದೆ, ಕೆಟ್ಟರೆ ಅಲ್ಲಿಗೆ ಮುಗಿಯಿತು. ಬಲಗೈ ಮುಗಿದಿತ್ತು, ಕನಕಾಂಬರದ ಬಣ್ಣ, ಒಂದು ಗೆರೆ ಆಚೀಚೆ ಇಲ್ಲ. ಎಡಗೈಗೆ ಬಣ್ಣ ಹಚ್ಚಿ ನನ್ನೊಳಗೆ ಇಡಬೇಕು ಎನ್ನುವಾಗ ಹೊರಗೆ ಆಟೋ ನಿಂತಿತು.

"ಶೈಲಾ, ಅದೀಯೇನು?"

ಸುಶೀಲಾ. ಶೈಲಜಾ ಶೀಶೆಗಳನ್ನು ಪೇಪರಿನೊಂದಿಗೆ ಮಂಚದ ಕೆಳಗೆ ನೂಕಿದಳು. ಅರ ಬಿದ್ದು ಉರುಳಿತು. ಅಷ್ಟರಲ್ಲಿ ಸುಶೀಲಾ ಒಳಗೆ ಬಂದು, ಎಂದಿನಂತೆ ಕೂತು, ಕೈಯನ್ನು ನನ್ನ ಬಾಯಿಗೆ ಇಟ್ಟಾಗಿತ್ತು. ಪಕ್ಕದಲ್ಲಿದ್ದ ಹುಡುಗಿಯನ್ನು ಆಮೇಲೆ ನೋಡಿದಳು.

"ಈಕಿ ಯಾರವಾ?"

"ಹಿಂದಿನ ಓಣಿಯಾಕಿ ರೀ," ಅಂದಳು ಶೈಲಜಾ. "ಹೆಪ್ಪು ಕೇಳಾಕ ಬಂದಾಳ."

ಶೈಲಜಾ ನನ್ನ ಗುಂಡಿ ಒತ್ತಿದಳು. ನಾನು ಉರಿದೆ. ನನ್ನೊಳಗೆ ಬಣ್ಣವಿಲ್ಲದ ಕೈಯೊಂದು ಹಾಯಾಗಿ ಬಿದ್ದಿತ್ತು. ಒಂದು ಮೊಳ ಆಚೆಗೆ ನನ್ನ ಬೆಳಕು ಬೇಕಿದ್ದ ಹಸಿ ಉಗುರುಗಳು ಕಾಯುತ್ತಿದ್ದವು. ನಾಚಿಕೆ ಎಂದರೆ ಏನೆಂದು ನನಗೆ ಅಂದು ಗೊತ್ತಾಯಿತು.

ಅಕ್ಷತಾ ಕ್ಷಣ ಶೈಲಜಾಳ ಮುಖ ನೋಡಿದಳು. ಆಮೇಲೆ, "ಹೌದ್ರಿ, ಹೆಪ್ಪು ಬೇಕಿತ್ತು," ಅಂದಳು. ಸುಶೀಲಾಳ ಕಣ್ಣು ತನ್ನ ಕೈಗಳತ್ತ ಹೊರಳಿದ್ದು ಕಂಡು ಎರಡೂ ಕೈಗಳನ್ನು ಓಢಣಿಯೊಳಗೆ ಮುಚ್ಚಿಕೊಂಡಳು. ಹಸಿ ಬಣ್ಣ ಬಟ್ಟೆಗೆ ಹತ್ತಿತು. ಬಿಳಿ ಓಢಣಿಯ ಮೇಲೆ ಕನಕಾಂಬರದ ಕಲೆ ಮೆಲ್ಲಗೆ ಹರಡಿದ್ದನ್ನು ನಾನು ಕಂಡೆ, ಶೈಲಜಾಳೂ ಕಂಡಳು. ನಾಳೆ ಉಂಗುರ ತೊಡಬೇಕಾದವಳು, ಏನೂ ಸಂಬಂಧವಿಲ್ಲದವಳು, ಇವಳ ಸುಳ್ಳಿಗಾಗಿ ತನ್ನ ಕೈ ಕೆಡಿಸಿಕೊಂಡು ಕೂತಿದ್ದಳು. ಬೈದಿದ್ದರೆ ಶೈಲಜಾ ತಡೆದುಕೊಳ್ಳುತ್ತಿದ್ದಳೋ ಏನೋ. ಈ ಒಳ್ಳೆಯತನ ಆಕೆಯನ್ನು ನೆಲಕ್ಕೆ ಇಳಿಸಿತು.

"ಅಕ್ಕಾ, ಕೈ ತಗೀರಿ," ಅಂದಳು.

"ಯಾಕ? ಈಗರ ಇಟ್ಟೀನಿ."

"ಅದು ನೋವಿಂದಲ್ರಿ. ಉಗುರಿಂದು. ನಾ ಸುಳ್ಳು ಹೇಳಿದ್ದೆ." ಶೈಲಜಾಳ ಕಿವಿ ಕೆಂಪಾಗಿತ್ತು, ಕಣ್ಣು ನೆಲ ಬಿಟ್ಟು ಮೇಲೇಳಲಿಲ್ಲ. "ನಾ ಉಗುರಿನ ಕೆಲಸ ಮಾಡ್ತೀನಿ. ಈಕಿ ಹೆಪ್ಪಿಗೆ ಬಂದಾಕಿ ಅಲ್ಲ, ನನ್ನ ಗಿರಾಕಿ. ನಾಳೆ ಈಕಿ ನಿಶ್ಚಿತಾರ್ಥ ಐತಿ."

ಸುಶೀಲಾ ಕೈಯನ್ನು ಸುಟ್ಟುಕೊಂಡವಳಂತೆ ಎಳೆದುಕೊಂಡಳು. "ಹಂಗಾರ ನನ್ನ ನೋವು ಕಡಿಮಿ ಆಗಿದ್ದು?" ಎಂದು ಕೇಳಿದಳು. ಆಕೆಯ ಮುಖ ಬಾಡಿತು, ಬಳಗದಲ್ಲೆಲ್ಲ ತಾನು ಹೇಳಿಕೊಂಡು ತಿರುಗಿದ್ದು ನೆನಪಾಯಿತೆಂದು ಕಾಣುತ್ತದೆ. ಎದ್ದು ಚಪ್ಪಲಿ ಮೆಟ್ಟಿಕೊಂಡು, "ಮಂದಿ ಉಗುರು ತಿಕ್ಕೋ ಹಂಗಾತೇನು ನಮ್ಮ ಮನಿತನ," ಎಂದು ಹೋಗಿಬಿಟ್ಟಳು. ಆಟೋ ಹೋದ ಮೇಲೂ ಆ ಮಾತು ಕೋಣೆಯಲ್ಲಿಯೇ ಉಳಿಯಿತು.

ಶೈಲಜಾ ಅಕ್ಷತಾಳ ಓಢಣಿಯನ್ನು ಬಿಡಿಸಿ, ಬೆರಳುಗಳನ್ನು ಒಂದೊಂದಾಗಿ ಒರೆಸಿದಳು. "ತಪ್ಪಾತವಾ," ಎಂದಳು. ಅಳುತ್ತಿದ್ದಳು, ಆದರೆ ಕೈ ಅಲುಗಲಿಲ್ಲ. ಹುಡುಗಿಯ ಕೈಯನ್ನು ತನ್ನ ತೊಡೆಯ ಮೇಲಿನ ಟವೆಲ್ಲಿಗೆ ಎಳೆದುಕೊಂಡು ಮೊದಲಿನಿಂದ ಹಚ್ಚಿದಳು. ಅಷ್ಟರಲ್ಲಿ ಹೊತ್ತು ಮುಳುಗಿತ್ತು. ನೀಲವ್ವ ದೇವರಿಗೆ ದೀಪ ಹಚ್ಚುವ ಹೊತ್ತು ಮೀರುತ್ತಿತ್ತು. ಆಕೆ ಕಡ್ಡಿಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ನಿಂದು ಮುಗೀಲಿ. ಆಮ್ಯಾಗ ಹಚ್ಚತೀನಿ," ಅಂದಳು.

ಅಕ್ಷತಾಳ ಕೈ ನೋಡಿದವರು ಕೇಳಿಕೊಂಡು ಬಂದರು. ಮಹಾಂತೇಶ ಬೋರ್ಡ್ ಬರೆಸಿ ಬಾಗಿಲಿಗೆ ಹೊಡೆದ. ಕೆಲವು ದಿನ ಶೈಲಜಾ ತನ್ನದೇ ಹೆಸರನ್ನು ನೋಡಬೇಕಾದೀತೆಂದು ಹಿತ್ತಲಿನಿಂದಲೇ ಓಡಾಡಿದಳು. ಬಳಗದ ಯಾರೋ ನೋವಿನ ಮಷೀನು ಹುಡುಕಿಕೊಂಡು ಬಂದರೆ ಪ್ರತಿ ಸಲವೂ ನಿಜ ಹೇಳುತ್ತಿದ್ದಳು, ಪ್ರತಿ ಸಲವೂ ಕಿವಿ ಕೆಂಪಾಗುತ್ತಿತ್ತು. ಧೈರ್ಯ ಬಂದ ಮೇಲೆ ನಾಚಿಕೆ ಹೋಗುತ್ತದೆ ಎಂದು ನಾನು ತಿಳಿದಿದ್ದೆ. ಹಾಗೇನೂ ಇಲ್ಲ. ಎರಡೂ ಒಂದೇ ಮನೆಯಲ್ಲಿ ಇರುತ್ತವೆ.

ಈಗ ನನಗೆ ವಯಸ್ಸಾಗಿದೆ. ಅರ್ಧ ಬಲ್ಬುಗಳು ಸತ್ತಿವೆ. ಎರಡೂ ಕೈ ಒಟ್ಟಿಗೆ ಹಿಡಿಯುವ ಹೊಸ ಲ್ಯಾಂಪ್ ಬಂದಿದೆ. ನಾನು ಕಪಾಟಿನ ಮೇಲೆ ಹಳೆಯ ಮಿಕ್ಸರ್ ಜಾರಿನ ಪಕ್ಕ ಕೂತಿರುತ್ತೇನೆ. ಇನ್ನು ನನ್ನದು ಮುಗಿಯಿತು ಎಂದುಕೊಂಡಿದ್ದಾಗ, ಮೊನ್ನೆ ಒಂದು ಮಧ್ಯಾಹ್ನ ಸುಶೀಲಾ ಬಂದಳು. ಅಂದಿನ ನಂತರ ಈ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಕೂದಲು ಬೆಳ್ಳಗಾಗಿತ್ತು.

"ಆ ಹಳೇದನ್ನ ಇಳಿಸು. ನನಗ ಅದರಾಗ ರೂಢಿ," ಅಂದಳು. ಶೈಲಜಾ ನನ್ನನ್ನು ಇಳಿಸಿ ಧೂಳು ಒರೆಸಿದಳು.

"ಕೈ ನೋವೇನ್ರಕ್ಕಾ?"

"ಅಲ್ಲ. ಉಗುರಿಗೆ." ಸುಶೀಲಾ ಬಾಗಿಲ ಕಡೆ ನೋಡಿದಳು. "ಮನ್ಯಾಗ ಕೇಳಿದ್ರ ನೋವಿಗೆ ಹೋಗಿದ್ದೆ ಅಂತೀನಿ. ನಿನ್ನ ಕೇಳಿದ್ರ ನೀನೂ ಹಂಗ ಹೇಳು."

ಶೈಲಜಾಳ ಕಿವಿ ಕೆಂಪಾಯಿತು. ಅರವನ್ನು ಕೈಯಲ್ಲಿ ಒಮ್ಮೆ ತಿರುಗಿಸಿ ಕೆಳಗಿಟ್ಟಳು. "ನಾ ಹಂಗ ಹೇಳಂಗಿಲ್ರಕ್ಕಾ," ಅಂದಳು. "ಬೇಕಂದ್ರ ಬಣ್ಣಿಲ್ಲದ್ದು ಹಚ್ಚತೀನಿ, ಯಾರಿಗೂ ಗೊತ್ತಾಗಂಗಿಲ್ಲ. ಆದರ ಕೇಳಿದ್ರ, ಉಗುರಿಗೆ ಬಂದಿದ್ರು ಅಂತನ ಹೇಳ್ತೀನಿ."

ಸುಶೀಲಾ ಎದ್ದು ಹೋಗುತ್ತಾಳೆಂದುಕೊಂಡೆ. ಹೋಗಲಿಲ್ಲ. ಬಲಗೈ ಚಾಚಿದಳು. ಶೈಲಜಾ ಬಣ್ಣವಿಲ್ಲದ ಜೆಲ್ ಹಚ್ಚಿದಳು, ನಾನು ಉಳಿದ ಬಲ್ಬುಗಳಿಂದ ಬಹಳ ಹೊತ್ತು ಬೆಳಕು ಕೊಟ್ಟೆ. ಸುಶೀಲಾ ಆ ಕೈಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.

"ಏನೂ ಕಾಣವಲ್ದಲ್ಲ."

"ಹೌದ್ರಿ. ಕಾಣದಂಗ ಹಚ್ಚೀನಲ್ರಿ."

ಸುಶೀಲಾ ತಲೆ ತಗ್ಗಿಸಿದಳು. ಮುಂದಿನ ಮಾತನ್ನು ನೆಲಕ್ಕೇ ಹೇಳಿದಳು. "ಆವಾಗೂ ಕೈ ಏನೂ ನೋಯ್ತಿದ್ದಿಲ್ಲ ಶೈಲಾ. ಯಾರರ ಒಬ್ರು ಕೈ ಹಿಡೀಲಿ ಅನಸ್ತಿತ್ತು. ಕೆಂಪ ಹಚ್ಚು."

ಶೈಲಜಾ ಕೆಂಪು ಶೀಶೆ ತೆಗೆದು, ಆಕೆಯ ಎಡಗೈಯನ್ನು ತನ್ನತ್ತ ಎಳೆದುಕೊಂಡಳು.