ಬರ್ಫದ ಡಬ್ಬಿ

"ಬರ್ಫ ಎಲ್ಲಿ ಇಡೂದ್ರಿ?" ಎಂದು ಕೇಳುತ್ತ ಮಂಜುಗಡ್ಡೆ ಹೊತ್ತು ಒಳಗೆ ಬರುತ್ತಿದ್ದ ಹಮಾಲನಿಗೆ ಇಸ್ತಿಯಾಕ ಬಾಗಿಲಲ್ಲೇ ಅಡ್ಡ ನಿಂತ.

"ಒಳಗ ತರಬ್ಯಾಡ್ರಿ."

ಕೆಲಗೇರಿಯ ಆ ಎರಡು ಕೋಣೆಯ ಮನೆಯಲ್ಲಿ ಅವನ ಹೆಂಡತಿ ಸುಲ್ತಾನಾ ನಸುಕಿನಲ್ಲಿ ತೀರಿಕೊಂಡಿದ್ದಳು. ಅವಳ ತಮ್ಮ ಮುಜಾಫರ ಕಲಬುರಗಿಯಿಂದ ಹೊರಟಿದ್ದ, ಮುಟ್ಟುವುದು ಸಂಜೆಗೆ. ಮೇ ತಿಂಗಳ ಬಿಸಿಲು. ಅಲ್ಲಿಯವರೆಗೆ ಮೈ ಕೆಡದಿರಲೆಂದು ಅವಳ ಕಾಕಾ ಉಸ್ಮಾನಸಾಬರು ಬರ್ಫ ತರಿಸಿದ್ದರು.

"ತಮ್ಮಗ ಮುಖ ತೋರಿಸಬೇಕೋ ಬ್ಯಾಡೋ?" ಎಂದರು ಅವರು. "ದಿನಾ ಬರ್ಫದ ಡಬ್ಬಿ ಹೊತ್ತು ತಿರಗಾಂವ ನೀನು. ನಿನಗ ತಿಳಿಯಂಗಿಲ್ಲೇನು?"

ಇಸ್ತಿಯಾಕ ಬಾಗಿಲು ಬಿಡಲಿಲ್ಲ.

*

ಹನ್ನೆರಡು ವರ್ಷದಿಂದ ಅವನ ಕೆಲಸ ಒಂದೇ. ಧಾರವಾಡದಲ್ಲಿ ತೆಗೆದ ರಕ್ತದ ನಳಿಕೆಗಳನ್ನು ಬರ್ಫದ ಡಬ್ಬಿಯಲ್ಲಿಟ್ಟು, ಬೈಕಿನ ಮೇಲೆ ರಾಯಾಪುರ ದಾಟಿ ಕೇಶ್ವಾಪುರದ ಲ್ಯಾಬಿಗೆ ಮುಟ್ಟಿಸುವುದು. ಒಂದು ನಳಿಕೆಯೂ ಅವನ ಕೈಯಲ್ಲಿ ಕೆಟ್ಟಿರಲಿಲ್ಲ. ಸಂಜೆ ಡಬ್ಬಿ ತೊಳೆದಿಡುತ್ತಿದ್ದವಳು ಸುಲ್ತಾನಾ. "ನನಕಿಂತ ಇದರ ಮ್ಯಾಲ ಜೀವ ನಿಮಗ" ಎಂದು ಕಾಡಿಸುತ್ತಿದ್ದಳು.

ಅವಳ ಕಣ್ಣು ಹಳದಿಯಾಗಿ, ನಾಲ್ಕು ಹೆಜ್ಜೆಗೆ ಏದುಸಿರು ಬರತೊಡಗಿದಾಗ ಅವಳ ರಕ್ತವನ್ನೂ ಅವನೇ ಒಯ್ದ. ಸ್ವಂತ ಹೆಂಡತಿಯದು, ಬರ್ಫ ಎರಡು ಪಾಲು ಹಾಕಿದ.

ಮಷೀನು ಏನೇನೋ ಲೆಕ್ಕ ತೋರಿಸಿತು. "ರಕ್ತ ಗಂಟು ಕಟ್ಟೇತಿ, ಬ್ಯಾರೆ ತರ್ರಿ" ಎಂದರು ಲ್ಯಾಬಿನವರು. ಇನ್ನಷ್ಟು ಬರ್ಫ ಹಾಕಿ ತಂದ. ಹೀಗೆ ಮೂರು ಸಲ, ಎಂಟು ದಿನ ಹೋದವು.

ನಾಲ್ಕನೆಯ ಸಲ, ರಜೆ ಮುಗಿಸಿ ಬಂದಿದ್ದ ಟೆಕ್ನಿಶಿಯನ್ ಪ್ರಭಾವತಿ ನಳಿಕೆಯನ್ನು ಬೆಚ್ಚಗಿನ ನೀರಿನಲ್ಲಿಟ್ಟಳು. ಅವನ ಕಣ್ಣೆದುರೇ ಗಂಟುಗಳು ಬಿಚ್ಚಿಕೊಂಡವು. ಕೂಂಬ್ಸ್ ಎಂಬ ರಕ್ತಪರೀಕ್ಷೆ ಮಾಡಿ ಬಂದು ಹೇಳಿದಳು.

"ಇವರ ಮೈನ ಇವರ ರಕ್ತಾ ಒಡಿಯಾಕತ್ತೇತ್ರಿ. ತಂಪಾದ್ರ ಮತ್ತೂ ಜೋರು. ಇಂಥಾ ರಕ್ತ ತೆಗದಾಗಿಂದ ಬೆಚ್ಚಗ ಇಟ್ಟ ತರಬೇಕಿತ್ತು. ಲಗೂ ದವಾಖಾನಿಗೆ ಸೇರಿಸ್ರಿ."

ಸೇರಿಸಿದ. ಅಷ್ಟರಲ್ಲಿ ಹನ್ನೆರಡಿರಬೇಕಾದ ರಕ್ತದ ಅಂಶ ಮೂರಕ್ಕಿಳಿದಿತ್ತು. ಕೈಮೀರಿತೆಂದು ಡಾಕ್ಟರು ಮನೆಗೆ ಕಳಿಸಿದರು.

*

ಮಗಳ ತಲೆಯ ಬಳಿ ಕುಳಿತಿದ್ದ ಅತ್ತೆ ಖಾತುನಬಿಯ ಮುಂದೆ ಇಸ್ತಿಯಾಕ ಬಾಗಿಲಿಂದ ಬಂದು ಕುಳಿತ. ಇನ್ನು ಬಚ್ಚಿಟ್ಟುಕೊಳ್ಳುವ ಶಕ್ತಿ ಅವನಲ್ಲಿರಲಿಲ್ಲ.

"ಅಮ್ಮಾ, ಬರ್ಫದಾಗ ಇಟ್ಟು ಒಯ್ದೆ. ಬೆಚ್ಚಗ ಒಯ್ದಿದ್ರ ಮೊದಲನೇ ದಿನಾನ ಗೊತ್ತಾಗತಿತ್ತು. ಎಂಟು ದಿನ ನಾನ ಕಳದೆ."

"ನಿನಗ ಯಾರರ ಹೇಳಿದ್ರೇನು?"

"ಇಲ್ರಿ. ನಾನೂ ಕೇಳಲಿಲ್ಲ."

ಖಾತುನಬಿ ಮಗಳ ಮೇಲಿನ ಚಾದರ ಸರಿಪಡಿಸಿದಳು. ಅವನು ಬೈಗುಳಕ್ಕೆ ಕಾದ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದ.

"ಕಡೀ ರಾತ್ರಿ ಥಂಡಿ ಥಂಡಿ ಅಂತಿದ್ಲು," ಎಂದಳು. ಆಮೇಲೆ ಬಾಗಿಲ ಕಡೆ ತಿರುಗಿ, "ಬರ್ಫ ಹೊಳ್ಳಿ ಕಳಸ್ರಿ. ಮೈ ತೊಳಿಯಾಕ ನೀರು ಕಾಸ್ರಿ. ಮಧ್ಯಾಹ್ನಕ್ಕ ಎತ್ತೋಣು."

"ಮುಜಾಫರ ಬರೂದ್ರಾಗ?" ಉಸ್ಮಾನಸಾಬರು ಕೇಳಿದರು.

"ಹೂಂ."

*

ಮುಜಾಫರ ಹೆಗಲ ಚೀಲ ಇಳಿಸದೆ ನೇರ ಕಬರಸ್ತಾನಕ್ಕೆ ಬಂದಾಗ ಐದು ಗಂಟೆ. ಮಣ್ಣಿನ ಪಕ್ಕದಲ್ಲಿ ಇಸ್ತಿಯಾಕ ಒಬ್ಬನೇ ಕುಳಿತಿದ್ದ.

"ಒಂದು ಸಲ ಮುಖಾರ ನೋಡತಿದ್ನೆಲ್ಲ, ಭಾಯಿ. ಅಷ್ಟೇನು ಅವಸರಿತ್ತು?"

ಇಸ್ತಿಯಾಕ ಮುಜಾಫರನ ಕೈ ಹಿಡಿದು ಕೆಳಗೆಳೆದು ಗೋರಿಯ ಮಣ್ಣಿಗೆ ಒತ್ತಿದ. ದಿನವಿಡೀ ಬಿಸಿಲುಂಡ ಮಣ್ಣು ಇನ್ನೂ ಬೆಚ್ಚಗಿತ್ತು. ಮುಜಾಫರ ಕೈ ಕೊಸರಿಕೊಂಡ. ಇಸ್ತಿಯಾಕ ಬಿಡಲಿಲ್ಲ.